ನೆಲಕ್ಕೆ ಕೂರದ ಯಜಮಾನ

"ಗುರುಗಳೇ, ಈ ದೇಹ ಹೇಗೂ ಒಂದು ದಿನ ಬಿದ್ದುಹೋಗುವಂಥದ್ದು. ವಯಸ್ಸಾದಂತೆ ಅದು ಬಿಗಿದುಕೊಳ್ಳುವುದೂ ಸಹಜ. ಅದನ್ನು ದಿನವೂ ಎಳೆದು, ಬಗ್ಗಿಸಿ, ಸಡಿಲವಾಗಿ ಇಟ್ಟುಕೊಳ್ಳಬೇಕೆಂದು ಒದ್ದಾಡುವುದು ದೇಹದ ಮೇಲಿನ ಮೋಹವಲ್ಲವೇ?"

ಹೀಗೆ ಕೇಳಿದವನು ಗವಿರಂಗ. ಅವನು ನಿರ್ವಾಣಯ್ಯನವರ ಆಶ್ರಮಕ್ಕೆ ಹೊಸದಾಗಿ ಬಂದ ಶಿಷ್ಯ. ವಯಸ್ಸು ಐವತ್ತು ದಾಟಿತ್ತು. ಶಾಸ್ತ್ರಗಳನ್ನು ಚೆನ್ನಾಗಿ ಓದಿಕೊಂಡಿದ್ದ. ಗುರುಗಳಿಗೆ ಎಂಬತ್ತರ ಹತ್ತಿರ. ಅವರು ಆಗತಾನೇ ಬೆಳಗಿನ ಅಭ್ಯಾಸ ಮುಗಿಸಿದ್ದರು. ನಿಂತು ಬಗ್ಗಿ ಬೆರಳುಗಳನ್ನು ನೆಲಕ್ಕೆ ಮುಟ್ಟಿಸುವುದು, ಕುಕ್ಕರುಗಾಲಲ್ಲಿ ಕೂತು ಏಳುವುದು, ಸೊಂಟವನ್ನು ಆ ಕಡೆ ಈ ಕಡೆ ತಿರುಗಿಸುವುದು, ಅಷ್ಟೇ. ಆಶ್ರಮದಲ್ಲಿ ಎಲ್ಲರೂ ಅದನ್ನು ನೋಡಿದ್ದರು. ಯಾಕೆಂದು ಕೇಳುವ ಧೈರ್ಯ ಮಾಡಿದವನು ಇವನೊಬ್ಬನೇ.

ಗುರುಗಳು ಚಾಪೆ ಸುತ್ತಿ ಗೋಡೆಗೆ ಒರಗಿಸಿದರು.

"ಮೋಹವೇ ಇರಬಹುದು" ಎಂದರು. "ದೇಹ ನಶ್ವರ ಎಂದು ನನಗೆ ನೆನಪು ಮಾಡಿಕೊಡುವವರು ಬಹಳ ಜನ. ಅವರಲ್ಲಿ ಒಬ್ಬರೂ ಊಟಕ್ಕೆ ತಡವಾಗಿ ಬಂದದ್ದನ್ನು ನಾನು ಕಾಣೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ಇದು ನನಗೆ ಇಷ್ಟವಾದ ಕತೆಯಲ್ಲ. ಹೇಳಿದಾಗಲೆಲ್ಲ ಸಂಕಟವಾಗುತ್ತದೆ. ಆದರೆ ನೀನು ಕೇಳಿದ್ದಕ್ಕೆ ನನ್ನಲ್ಲಿ ಬೇರೆ ಉತ್ತರವಿಲ್ಲ."

ಗವಿರಂಗ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಆಗಿನ ಜವಳಿ ಅಂಗಡಿಗಳಲ್ಲಿ ಮೇಜು ಕುರ್ಚಿ ಇರುತ್ತಿರಲಿಲ್ಲ. ನೆಲಕ್ಕೆ ದಪ್ಪನೆಯ ಗಾದಿ ಹಾಸಿ ಬಿಳಿ ಬಟ್ಟೆ ಹೊದಿಸುತ್ತಿದ್ದರು. ವರ್ತಕ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಗಿರಾಕಿಗಳೂ ಎದುರಿಗೆ ಅಲ್ಲೇ ಕೂರುತ್ತಿದ್ದರು. ಸೀರೆ ಕೇಳಿದರೆ ವರ್ತಕ ಏಳಬೇಕು. ಕಪಾಟಿನ ತಳದ ಅರೆಯಿಂದ ಗಂಟು ಎಳೆಯಬೇಕು. ಮಂಡಿಯೂರಿ ಸೀರೆ ಹರಡಿ ತೋರಿಸಬೇಕು. ಬೇಡವೆಂದರೆ ಮಡಿಚಿ ಇಟ್ಟು ಇನ್ನೊಂದು ತರಬೇಕು. ಮದುವೆ ಸೀರೆ ಆರಿಸಲು ಬರುವ ಹೆಂಗಸರನ್ನು ನೀನು ನೋಡಿದ್ದೀಯಲ್ಲ. ಆ ವರ್ತಕನಿಗೆ ಬೇರೆ ವ್ಯಾಯಾಮವೇ ಬೇಕಿರಲಿಲ್ಲ.

ಹೀಗೆ ದಿನವಿಡೀ ಎದ್ದು ಕೂತು ಮಾಡಿ ಅವನ ಮೈ ಹಗುರವಾಗಿತ್ತು. ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಕೈಕಾಲು ತೊಳೆದು ನೇರವಾಗಿ ಅಡುಗೆಮನೆಗೆ ಹೋಗುತ್ತಿದ್ದ. ಅಲ್ಲಿ ಹೆಂಡತಿ ಒಲೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿರುತ್ತಿದ್ದಳು. ಅವರೆಕಾಯಿಯ ಕಾಲವಾದರೆ ಅವಳ ಮುಂದೆ ಕಾಯಿಯ ರಾಶಿ ಇರುತ್ತಿತ್ತು. ಬೇರೆ ಕಾಲದಲ್ಲಿ ಸೊಪ್ಪೋ ಹುಣಸೆಹಣ್ಣೋ ಇರುತ್ತಿತ್ತು. ಅವನು ಎದುರಿಗೆ ಕೂತು ತಾನೂ ಕಾಯಿ ಸುಲಿಯುತ್ತಿದ್ದ. ಸುಲಿಯುತ್ತ ಅಂಗಡಿಗೆ ಯಾರು ಬಂದರು, ಯಾರು ಸುಮ್ಮನೆ ಗಂಟು ಬಿಚ್ಚಿಸಿ ಎದ್ದು ಹೋದರು ಎಂದು ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಅವಳು ನಗಲಿ ಎಂದೇ ಅವನು ಸ್ವಲ್ಪ ಸೇರಿಸಿ ಹೇಳುತ್ತಿದ್ದ. ಮನೆಯಲ್ಲಿ ಅವನ ಅಪ್ಪ ಅಮ್ಮ, ಅಕ್ಕ, ಮಕ್ಕಳು ಎಲ್ಲರೂ ಇದ್ದರು. ಗಂಡ ಹೆಂಡತಿ ಮಾತಾಡಿಕೊಳ್ಳಲು ಇದ್ದದ್ದು ಆ ಒಲೆಯ ಮುಂದಿನ ಜಾಗವೊಂದೇ.

ಆ ಊರಿನ ಅಂಗಡಿ ಬೀದಿಗೆ ಒಂದು ಪದ್ಧತಿ ಇತ್ತು. ಬೀದಿಯ ವರ್ತಕರೆಲ್ಲ ಸೇರಿ ತಮ್ಮಲ್ಲಿ ಒಬ್ಬನನ್ನು ಯಜಮಾನನೆಂದು ಒಪ್ಪಿ ಅವನ ತಲೆಗೆ ಜರಿಯಂಚಿನ ರುಮಾಲು ಕಟ್ಟುತ್ತಿದ್ದರು. ವರ್ತಕರಲ್ಲಿ ಜಗಳವಾದರೆ ಅವನು ನ್ಯಾಯ ಹೇಳಬೇಕು. ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಮೊದಲ ತಾಂಬೂಲ ಅವನಿಗೆ. ಆ ರುಮಾಲು ನೆಲಕ್ಕೆ ಬೀಳಬಾರದು. ಬಿದ್ದರೆ ಇಡೀ ಬೀದಿಗೆ ಕೇಡು ಎಂದು ಎಲ್ಲರೂ ನಂಬಿದ್ದರು. ಆದ್ದರಿಂದ ರುಮಾಲು ಕಟ್ಟಿದ ಯಜಮಾನ ಬಗ್ಗುವಂತಿರಲಿಲ್ಲ. ಅವನ ಕೈಯಿಂದ ಏನು ಜಾರಿ ಬಿದ್ದರೂ ಪಕ್ಕದಲ್ಲಿದ್ದವರು ಎತ್ತಿಕೊಡಬೇಕು. ಅವನಿಗೆ ಕೂರಲು ಎತ್ತರದ ಪೀಠ ಹಾಕಬೇಕು.

ವರ್ತಕನಿಗೆ ನಲವತ್ತೈದು ದಾಟಿದಾಗ ಬೀದಿಯವರು ಅವನನ್ನು ಯಜಮಾನನೆಂದು ಒಪ್ಪಿದರು. ರುಮಾಲು ಕಟ್ಟಿದ ದಿನ ಹೆಂಡತಿ ಬಾಗಿಲಲ್ಲಿ ಆರತಿ ಎತ್ತಿದಳು. ಅವಳ ಕಣ್ಣಲ್ಲಿ ನೀರು ಬಂತು. ಅವನಿಗಿಂತ ಅವಳಿಗೇ ಹೆಚ್ಚು ಹೆಮ್ಮೆಯಾಗಿತ್ತು.

ಅವನಿಗಿಂತ ಮುಂಚೆ ಯಜಮಾನರಾಗಿದ್ದವರೂ ರುಮಾಲು ಕಟ್ಟಿದ್ದರು. ಆದರೆ ಅವರು ಸಂಜೆ ಮನೆಗೆ ಬಂದವರೇ ಅದನ್ನು ಗೂಟಕ್ಕೆ ಹಾಕಿ, ಪಂಚೆ ಎತ್ತಿ ಕಟ್ಟಿ, ಹಿತ್ತಿಲಲ್ಲಿ ಕಳೆ ಕೀಳುತ್ತಿದ್ದರು. ಯಜಮಾನಿಕೆಯನ್ನು ಬೀದಿಯಲ್ಲೇ ಬಿಟ್ಟು ಬರುತ್ತಿದ್ದರು. ನಮ್ಮ ವರ್ತಕ ರುಮಾಲನ್ನು ಮನೆಯೊಳಗೂ ತೆಗೆಯಲಿಲ್ಲ. ಯಾರಾದರೂ ನ್ಯಾಯ ಕೇಳಲು ಬಂದರೆ ಎಂದು ಒಂದು ನೆಪ. ನಿಜವೇನೆಂದರೆ ಅವನಿಗೆ ಅದು ತಲೆಯ ಮೇಲಿದ್ದರೆ ಚೆನ್ನಾಗಿರುತ್ತಿತ್ತು. ಯಾರಿಗೆ ಚೆನ್ನಾಗಿರುವುದಿಲ್ಲ ಹೇಳು.

ಮೊದಲು ಅಂಗಡಿಯ ಗಾದಿ ಹೋಗಿ ಕುರ್ಚಿ ಬಂತು. ಸೀರೆ ಎಳೆಯಲು, ಹರಡಲು, ಮಡಿಚಲು ಆಳುಗಳು ಬಂದರು. ಆಮೇಲೆ ಮನೆಯ ನಡುಮನೆಗೂ ಕುರ್ಚಿ ಬಂತು. ಊಟದ ಎಲೆ ನೆಲದಿಂದ ಮೇಲೆದ್ದು ಮೇಜಿನ ಮೇಲೆ ಕೂತಿತು. ಚಪ್ಪಲಿಯನ್ನು ಹೆಂಡತಿ ಕಾಲಿನ ಹತ್ತಿರಕ್ಕೆ ತಂದು ಇಡುತ್ತಿದ್ದಳು. ಅಡಕೆ ಕತ್ತರಿ ಜಾರಿ ಬಿದ್ದರೆ ಅವನು ಕತ್ತು ತಗ್ಗಿಸುವುದರೊಳಗೆ ಅವಳು ಎಲ್ಲಿದ್ದರೂ ಬಂದುಬಿಡುತ್ತಿದ್ದಳು.

"ನೀವು ಬಗ್ಗಬೇಡೀಂದ್ರೆ. ನಾನಿದ್ದೀನಲ್ಲ" ಎನ್ನುತ್ತಿದ್ದಳು.

ಅವಳು ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದಳು. ಅವನೂ ಪ್ರೀತಿ ಎಂದೇ ತಿಳಿದ. ಇಬ್ಬರದೂ ತಪ್ಪೆಂದು ನಾನು ಹೇಳಲಾರೆ. ಆದರೆ ಆ ಮನೆಯಲ್ಲಿ ಬಗ್ಗುವುದೆಲ್ಲ ಅವಳ ಪಾಲಿಗೆ ಬಂತು, ನೆಟ್ಟಗೆ ನಿಲ್ಲುವುದೆಲ್ಲ ಅವನ ಪಾಲಿಗೆ ಬಂತು. ಅವಳು ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು, ನೆಲ ಸಾರಿಸುತ್ತಿದ್ದಳು, ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಅರವತ್ತು ಹತ್ತಿರ ಬಂದರೂ ಕೈಯೂರದೆ ಏಳುತ್ತಿದ್ದಳು. ಅವನು ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈಯಲ್ಲಿ ಕುರ್ಚಿಯ ತೋಳನ್ನು ಒತ್ತುತ್ತಿದ್ದ. ಬಗ್ಗಬಾರದು ಎಂದುಕೊಂಡು ಶುರುವಾದದ್ದು ಯಾವ ದಿನ ಬಗ್ಗಲಾರೆ ಎಂದಾಯಿತೋ ಅವನಿಗೂ ತಿಳಿಯಲಿಲ್ಲ.

ಒಂದು ಸಲ ಹೆಂಡತಿ ನಾದಿನಿಯ ಮನೆಯ ಬಾಣಂತನಕ್ಕೆಂದು ಪಕ್ಕದ ಊರಿಗೆ ಹೋಗಿದ್ದಳು. ಮಧ್ಯಾಹ್ನ ಅವನು ನಡುಮನೆಯಲ್ಲಿ ಒಬ್ಬನೇ ಇದ್ದ. ಅಡಕೆ ಕತ್ತರಿ ಕೈಯಿಂದ ಜಾರಿ ಕಾಲಿನ ಬಳಿ ಬಿತ್ತು. ಅವನು ಬಗ್ಗಿದ. ಬೆರಳು ಮಂಡಿಯಿಂದ ಸ್ವಲ್ಪ ಕೆಳಗೆ ಹೋಗಿ ನಿಂತಿತು. ಸೊಂಟ ಹಿಡಿದುಕೊಂಡಿತು. ಅವನು ಎದ್ದು ಕಿಟಕಿಯ ಹತ್ತಿರ ನಿಂತು ಬೀದಿ ನೋಡುವವನ ಹಾಗೆ ನಟಿಸಿದ. ಆಳು ಬಂದು ಕತ್ತರಿ ಎತ್ತಿಕೊಡುವವರೆಗೂ ಹಾಗೇ ನಿಂತಿದ್ದ. ಯಜಮಾನರು ಏನನ್ನೋ ಗಾಢವಾಗಿ ಯೋಚಿಸುತ್ತಿದ್ದರು ಎಂದು ಆಳು ಹೊರಗೆ ಹೋಗಿ ಹೇಳಿದ. ಬೀದಿಯವರು ಹೌದೌದು ಎಂದು ತಲೆದೂಗಿದರು.

ನಗಬೇಡ, ಗವಿರಂಗ. ನಗುವ ಭಾಗ ಇಲ್ಲಿಗೆ ಮುಗಿಯಿತು.

ಅವನು ನೆಲಕ್ಕೆ ಕೂರುವುದನ್ನು ಬಿಟ್ಟ ಮೇಲೆ ಒಲೆಯ ಮುಂದಿನ ಮಾತೂ ನಿಂತುಹೋಯಿತು. ಮೊದಮೊದಲು ಅವನು ನಡುಮನೆಯ ಕುರ್ಚಿಯಿಂದಲೇ ಅಡುಗೆಮನೆಗೆ ಕೇಳುವ ಹಾಗೆ ಮಾತಾಡುತ್ತಿದ್ದ. ಅವಳು ಅಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ಒಲೆಯ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ. ಕೂಗಿ ಹೇಳುವಂಥ ಮಾತು ಎಷ್ಟಿರುತ್ತದೆ? ಊಟಕ್ಕೆ ಏನು, ನೀರು ಕಾಯಿತಾ, ಯಾರು ಬಂದಿದ್ದರು. ಇಷ್ಟೇ ಉಳಿಯಿತು. ಮೆಲ್ಲಗೆ ಹೇಳುವ ಮಾತುಗಳು ಇಬ್ಬರ ಹೊಟ್ಟೆಯಲ್ಲೂ ಉಳಿದವು.

ಒಂದು ಸಂಜೆ ಅವಳು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು.

"ಬನ್ನಿ ಅಂದ್ರೆ. ಹೊಸ ಅವರೆಕಾಯಿ ಬಂದಿದೆ, ಘಮ್ ಅಂತಿದೆ. ಒಂದು ಗಳಿಗೆ ಕೆಳಗೆ ಕೂತ್ಕೊಳ್ಳಿ. ಎಷ್ಟು ಕಾಲ ಆಯ್ತು ಇಬ್ರೂ ಕೂತು ಸುಲಿದು" ಎಂದಳು.

ಅವನು ಹೋದ. ಮನಸ್ಸಿನಿಂದಲೇ ಹೋದ. ಗೋಡೆ ಹಿಡಿದು ಇಳಿಯಲು ನೋಡಿದ. ಮಂಡಿ ಲಟಕ್ಕೆಂದಿತು. ಅರ್ಧಕ್ಕೆ ಸಿಕ್ಕಿಬಿದ್ದು ಮೇಲಕ್ಕೂ ಬರಲಾರ, ಕೆಳಕ್ಕೂ ಹೋಗಲಾರ. ಹೆಂಡತಿ ಕಂಕುಳಿಗೆ ಕೈಕೊಟ್ಟಳು. ಆ ಹೊತ್ತಿಗೇ ಅಂಗಡಿಯ ಆಳೊಬ್ಬ ಬೀಗದ ಕೈ ಕೊಡಲು ಬಂದು ಬಾಗಿಲಲ್ಲಿ ನಿಂತ. ವರ್ತಕನ ಮುಖ ಕೆಂಪಾಯಿತು. ಹೇಗೋ ನೆಟ್ಟಗಾಗಿ ರುಮಾಲು ಸರಿಮಾಡಿಕೊಂಡ.

"ಇದೆಲ್ಲ ಇನ್ನು ನಮ್ಮ ವಯಸ್ಸಿಗಲ್ಲ ಕಣೇ" ಎಂದು ಹೇಳಿ ನಡುಮನೆಗೆ ಹೋದ.

ಅವಳು ಒಬ್ಬಳೇ ಕೂತು ಕಾಯಿ ಸುಲಿದಳು. ಮತ್ತೆ ಅವನನ್ನು ಕರೆಯಲಿಲ್ಲ.

ಇಲ್ಲಿ ಗವಿರಂಗ ಬಾಯಿ ಹಾಕಿದ. "ಅವಳಾದರೂ ಹಟ ಹಿಡಿದು ಕೂರಿಸಬಹುದಿತ್ತಲ್ಲ, ಗುರುಗಳೇ?"

"ಕೂರಿಸಬಹುದಿತ್ತು. ಆದರೆ ಆಳಿನ ಮುಂದೆ ಗಂಡನ ಮುಖ ಕೆಂಪಾದದ್ದನ್ನು ಅವಳು ನೋಡಿದ್ದಳು. ಮತ್ತೊಮ್ಮೆ ಅದನ್ನು ನೋಡಲು ಅವಳಿಗೆ ಮನಸ್ಸು ಬರಲಿಲ್ಲ. ಅವನ ಮಾನ ಉಳಿಸಲು ತನ್ನ ಆಸೆಯನ್ನು ನುಂಗಿಕೊಂಡಳು. ಹಾಗೆ ನುಂಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ" ಎಂದು ಗುರುಗಳು ಕತೆ ಮುಂದುವರಿಸಿದರು.

ಆದರೂ ಆ ದಿನ ಅರ್ಧಕ್ಕೆ ಸಿಕ್ಕಿಬಿದ್ದದ್ದು ವರ್ತಕನ ಮನಸ್ಸಿನಲ್ಲಿ ಕುಟುಕುತ್ತಿತ್ತು. ಅವನು ವೈದ್ಯನನ್ನು ಮನೆಗೆ ಕರೆಸಿದ. ವೈದ್ಯ ಮಂಡಿ ಒತ್ತಿ ನೋಡಿದ, ಸೊಂಟ ತಟ್ಟಿ ನೋಡಿದ.

"ಯಜಮಾನರೇ, ನಿಮ್ಮ ಮಂಡಿಗೆ ರೋಗ ಏನಿಲ್ಲ. ಅದಕ್ಕೆ ಕೆಲಸ ಇಲ್ಲ, ಅಷ್ಟೇ. ದಿನಾ ಏನಾದ್ರೂ ಹಿಡ್ಕೊಂಡು ಸ್ವಲ್ಪ ಕೆಳಕ್ಕೆ ಇಳೀರಿ. ನೋವು ಬಂತೋ, ಅಲ್ಲಿಗೆ ನಿಲ್ಲಿಸಿ. ನಾಳೆ ಇನ್ನೊಂಚೂರು ಇಳೀರಿ. ಅವಸರ ಮಾಡ್ಬೇಡಿ, ಬಿಡಲೂ ಬೇಡಿ."

"ಎಣ್ಣೆ ಏನಾದ್ರೂ ಕೊಡಿ" ಎಂದ ವರ್ತಕ.

"ಕೊಡ್ತೀನಿ. ಆದ್ರೆ ಎಣ್ಣೆ ನಿಮ್ಮ ಬದಲು ಬಗ್ಗೋದಿಲ್ಲ."

ವರ್ತಕ ಎಣ್ಣೆಯನ್ನು ಇಟ್ಟುಕೊಂಡ, ಮಾತನ್ನು ಬಿಟ್ಟ. ದಿನವೂ ಬೆಳಗ್ಗೆ ಅವನು ಕುರ್ಚಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಆಳು ಕೆಳಗೆ ಕುಕ್ಕರುಗಾಲಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ದಿನಾ ಕೂತು ಎದ್ದು ಆಳಿನ ಮಂಡಿ ಬಹಳ ಚೆನ್ನಾಯಿತು. ಯಜಮಾನನ ಮಂಡಿ ಎಣ್ಣೆ ಕುಡಿದು ಮಿರಮಿರ ಹೊಳೆಯುತ್ತಿತ್ತು, ಬಗ್ಗಲಿಲ್ಲ. ನಾಳೆಯಿಂದ ಶುರು ಮಾಡೋಣ ಎಂದು ಅವನೂ ಒಂದೊಂದು ಸಲ ಅಂದುಕೊಳ್ಳುತ್ತಿದ್ದ. ಆ ನಾಳೆ ಬಂದರೆ ಯಾರಾದರೂ ನ್ಯಾಯ ಕೇಳಲು ಬರುತ್ತಿದ್ದರು. ಅವರೆದುರು ಗೋಡೆ ಹಿಡಿದು ಏಳುತ್ತ ಬೀಳುತ್ತ ಇರಲಾದೀತೇ?

ಹೀಗೇ ವರ್ಷಗಳು ಹೋದವು. ಗಂಡುಮಕ್ಕಳಿಗೆ ಮದುವೆಯಾಯಿತು. ಸೊಸೆಯರು ಬಂದರು. ವರ್ತಕನ ಅಪ್ಪ ಅಮ್ಮ ತೀರಿಕೊಂಡರು. ಹಿರಿಯರೆಂದು ಮನೆಯಲ್ಲಿ ಉಳಿದವಳು ವರ್ತಕನ ಅಕ್ಕ ಒಬ್ಬಳೇ. ಅವಳು ಗಂಡ ಸತ್ತ ಮೇಲೆ ತವರಿಗೆ ಬಂದು ನೆಲೆಸಿದವಳು. ಅವಳ ಮಾತನ್ನು ಮನೆಯಲ್ಲಿ ಯಾರೂ ಮೀರುತ್ತಿರಲಿಲ್ಲ.

ಒಂದು ಚಳಿಗಾಲ ಹೆಂಡತಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ಅವಳನ್ನು ನಡುಮನೆಯ ಮಂಚದ ಮೇಲೆ ಮಲಗಿಸಿದರು. ವರ್ತಕ ಅಂಗಡಿಗೆ ಹೋಗುವುದನ್ನು ಬಿಟ್ಟು ಮಂಚದ ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡು ಕೂತ. ಮಂಚವೂ ಕುರ್ಚಿಯೂ ಒಂದೇ ಎತ್ತರ. ಎಷ್ಟೋ ಕಾಲದ ಮೇಲೆ ಗಂಡ ಹೆಂಡತಿಯ ಮುಖ ಎದುರುಬದುರಾದವು.

ಅವಳು ಅವನನ್ನೇ ನೋಡುತ್ತ ಮಲಗಿದ್ದಳು.

"ನಿಮ್ಮ ಕಿವಿ ಮೇಲೆಲ್ಲ ಕೂದಲು ಬೆಳೆದುಬಿಟ್ಟಿದೆ. ನಾನು ನೋಡೇ ಇರ್ಲಿಲ್ಲ" ಎಂದು ಸಣ್ಣಗೆ ನಕ್ಕಳು.

ಅವನಿಗೂ ನಗು ಬಂತು. ಆಮೇಲೆ ಅಳು ಬಂತು. ಅವಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡ. ಆ ದಿನಗಳಲ್ಲಿ ಅವರು ತುಂಬ ಮಾತಾಡಿದರು. ಅವನು ಅಂಗಡಿಯ ಹಳೆಯ ಕತೆಗಳನ್ನು ಮತ್ತೆ ಹೇಳಿದ. ನಗಿಸಲು ಸ್ವಲ್ಪ ಸೇರಿಸಿಯೇ ಹೇಳಿದ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನಕ್ಕಳು. ಜ್ವರದ ನೆಪದಲ್ಲಿ ಒಲೆಯ ಮುಂದಿನ ಆ ಸಂಜೆಗಳು ವಾಪಸು ಬಂದಂತಾಯಿತು. ಇಷ್ಟು ದಿನ ಯಾಕೆ ಹೀಗೆ ಕೂರಲಿಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಎಷ್ಟು ಸಮಾಧಾನವಾಗುತ್ತಿತ್ತೋ ಏನೋ.

ಒಂದು ದಿನ ಅವಳು ಹೇಳಿದಳು. "ನಾನು ಇನ್ನು ಏಳೋದಿಲ್ಲಾಂತ ನನಗೆ ಗೊತ್ತು. ನನಗೆ ಯಾವ ಕೊರತೆನೂ ಇಲ್ಲ. ಒಂದೇ ಒಂದು ಆಸೆ. ಕೊನೇ ನೀರು ನಿಮ್ಮ ಕೈಯಿಂದ್ಲೇ ಆಗ್ಬೇಕು. ಮಕ್ಕಳ ಕೈಯಿಂದ ಬೇಡ."

"ಹಾಗೆಲ್ಲ ಮಾತಾಡ್ಬೇಡ."

"ಹೂಂ ಅನ್ನಿ."

"ಹೂಂ. ನಾನೇ ಬಿಡ್ತೀನಿ" ಎಂದ ಅವನು.

ಅವನು ಸುಳ್ಳು ಹೇಳಲಿಲ್ಲ. ಮಂಚದ ಮೇಲಿದ್ದ ಅವಳ ಬಾಯಿಗೆ ಅವನ ಕೈ ಸುಲಭವಾಗಿ ತಲುಪುತ್ತಿತ್ತು. ಹಿಂದಿನ ಮಧ್ಯಾಹ್ನ ತಾನೇ ಅವನು ಗಂಜಿ ಕುಡಿಸಿದ್ದ. ಇನ್ನೇನು ಕಷ್ಟ ಎಂದುಕೊಂಡ. ಅವಳೂ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಒಂದು ವಿಷಯ ಇಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಕಡೆಯ ಸಂಪ್ರದಾಯ ನಿನಗೆ ಗೊತ್ತು. ಜೀವ ಮಂಚದ ಮೇಲೆ ಹೋಗಬಾರದು. ಕೊನೆಯ ಉಸಿರಿನ ಹೊತ್ತಿಗೆ ಮನುಷ್ಯನನ್ನು ನೆಲಕ್ಕೆ ಇಳಿಸುತ್ತಾರೆ. ಹುಟ್ಟಿದಾಗ ನಮ್ಮನ್ನು ಹೊತ್ತುಕೊಂಡ ನೆಲವೇ ಹೋಗುವಾಗಲೂ ಹೊತ್ತುಕೊಳ್ಳಲಿ ಎಂದು. ನೆಲದ ಮೇಲೆ ಮಲಗಿಸಿ ತುಳಸಿ ಹಾಕಿದ ನೀರನ್ನು ಬಾಯಿಗೆ ಬಿಡುತ್ತಾರೆ.

ಒಂದು ಬೆಳಗ್ಗೆ ಅವಳ ಉಸಿರು ಬದಲಾಯಿತು. ವರ್ತಕನ ಅಕ್ಕ ಹತ್ತಿರ ಬಂದು ಪಾದ ಮುಟ್ಟಿ ನೋಡಿದಳು. ಪಾದ ತಣ್ಣಗಾಗಿತ್ತು.

"ನೆಲಕ್ಕೆ ಇಳಿಸ್ರಪ್ಪಾ, ತಡ ಮಾಡ್ಬೇಡಿ" ಎಂದಳು.

ಹಿರಿಯ ಸೊಸೆ ನೆಲ ಸಾರಿಸಿ ಚಾಪೆ ಹಾಸಿದಳು. ಮಕ್ಕಳಿಬ್ಬರು ತಾಯಿಯನ್ನು ಎತ್ತಿ ಕೆಳಗೆ ಮಲಗಿಸಿದರು. ಎಲ್ಲರೂ ಸುತ್ತಲೂ ನೆಲದ ಮೇಲೆ ಕೂತರು. ಅಕ್ಕ ತುಳಸಿ ನೀರಿನ ಬಟ್ಟಲನ್ನು ತಮ್ಮನ ಕೈಗೆ ಕೊಟ್ಟಳು. ಹೆಂಡತಿಯ ಆಸೆ ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು.

ವರ್ತಕ ಬಟ್ಟಲು ಹಿಡಿದು ನಿಂತ. ಕೆಳಗೆ ಹೆಂಡತಿ ಮಲಗಿದ್ದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಅವನು ಬಗ್ಗಿದ. ಕೈ ಮಂಡಿಯವರೆಗೆ ಹೋಯಿತು. ಅಲ್ಲಿಂದ ಅವಳ ತುಟಿ ಎಷ್ಟು ದೂರ? ಒಂದು ಮೊಳ, ಒಂದೂವರೆ ಮೊಳ. ಆ ದಿನ ಅವನ ತಲೆಯ ಮೇಲೆ ರುಮಾಲೂ ಇರಲಿಲ್ಲ. ಬಗ್ಗಬೇಡಿ ಎನ್ನುವವರೂ ಯಾರೂ ಇರಲಿಲ್ಲ. ಬಗ್ಗಿ, ಬಗ್ಗಿ ಎಂದೇ ಎಲ್ಲರೂ ಹೇಳುತ್ತಿದ್ದರು.

"ಅಪ್ಪಾ, ಕೂತ್ಕೊಳ್ಳಿ. ನಾವು ಹಿಡ್ಕೋತೀವಿ" ಎಂದು ಮಕ್ಕಳು ಆಚೆ ಈಚೆ ನಿಂತು ತೋಳು ಹಿಡಿದರು. ಅವನನ್ನು ಮೆಲ್ಲಗೆ ಇಳಿಸಲು ನೋಡಿದರು. ಅರ್ಧ ಇಳಿಯುವಷ್ಟರಲ್ಲಿ ಅವನು ನೋವಿಗೆ ಚೀರಿದ. ಮಕ್ಕಳು ಹೆದರಿ ಮತ್ತೆ ಮೇಲಕ್ಕೆತ್ತಿದರು. ಬಟ್ಟಲಿನ ನೀರು ಅರ್ಧ ಚೆಲ್ಲಿತು. ಸೊಸೆ ಓಡಿಹೋಗಿ ಮತ್ತೆ ನೀರು ತಂದಳು.

"ಅಮ್ಮನ್ನ ಒಂದು ಗಳಿಗೆ ಮಂಚಕ್ಕೆ ಎತ್ತೋಣ್ವಾ?" ಎಂದ ಹಿರಿಯ ಮಗ.

"ನೆಲಕ್ಕೆ ಇಳಿಸಿದ ಜೀವಾನ ಮತ್ತೆ ಮಂಚಕ್ಕೆ ಹಾಕ್ತಾರೇನೋ?" ಎಂದು ಅಕ್ಕ ಗದರಿದಳು. ಅವಳ ಮಾತನ್ನು ಮೀರುವವರು ಆ ಮನೆಯಲ್ಲಿ ಇರಲಿಲ್ಲ. ವರ್ತಕನೊಬ್ಬ ಮೀರಬಹುದಿತ್ತು. ಅವನು ಬೀದಿಗೆಲ್ಲ ನ್ಯಾಯ ಹೇಳುವ ಯಜಮಾನ. ಆ ಹೊತ್ತಿನಲ್ಲಿ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಕೊನೆಗೆ ಅವನು ನಿಂತಲ್ಲಿಂದಲೇ, ಎಷ್ಟು ಬಗ್ಗಲು ಆಯಿತೋ ಅಷ್ಟು ಬಗ್ಗಿ, ನೀರು ಬಿಟ್ಟ. ನೀರು ಬಾಯಿಗೆ ಬೀಳಲಿಲ್ಲ. ಕೆನ್ನೆಯ ಮೇಲೆ ಬಿದ್ದು ಕಿವಿಯ ಕಡೆಗೆ ಹರಿಯಿತು.

ತಣ್ಣನೆಯ ನೀರು ಬಿದ್ದದ್ದಕ್ಕೆ ಅವಳು ಕಣ್ಣು ಬಿಟ್ಟಳು. ಮೇಲೆ ನೋಡಿದಳು. ಬಟ್ಟಲು ಹಿಡಿದು, ಅರ್ಧ ಬಗ್ಗಿ, ಅಳುತ್ತ ನಿಂತಿದ್ದ ಗಂಡ ಕಂಡ. ಅವನಿಗೆ ಆಗುತ್ತಿಲ್ಲ ಎಂದು ಅವಳಿಗೆ ತಿಳಿಯಿತು. ಅವಳು ಆಗ ಏನು ಮಾಡಿದಳು ಗೊತ್ತೇ? ಆ ಸಾಯುವ ಜೀವ ಅಂಗೈಯನ್ನು ನೆಲಕ್ಕೆ ಊರಿತು. ಅವನ ಕೈಯ ಹತ್ತಿರಕ್ಕೆ ತಾನೇ ಏಳಲು ನೋಡಿತು. ತಲೆ ಚಾಪೆಯಿಂದ ಒಂದು ಗೇಣು ಮೇಲೆದ್ದಿತು. ಅಲ್ಲೇ ಉಸಿರು ನಿಂತಿತು. ತಲೆ ಹಿಂದಕ್ಕೆ ಬಿತ್ತು.

ಸೊಸೆ ಅವನ ಕೈಯಿಂದ ಬಟ್ಟಲು ಕಿತ್ತುಕೊಂಡು, ಪಕ್ಕದಲ್ಲಿ ಕುಸಿದು ಕೂತು, ಬಾಯಿಗೆ ನೀರು ಬಿಟ್ಟಳು. ನೀರು ಒಳಗೆ ಇಳಿಯಲಿಲ್ಲ. ತುಟಿಯ ಅಂಚಿನಿಂದ ಹೊರಗೆ ಬಂತು.

ಮನೆ ತುಂಬ ಅಳು ಎದ್ದಿತು. ಮಕ್ಕಳು ತಾಯಿಯ ಎದೆಯ ಮೇಲೆ ಬಿದ್ದು ಅತ್ತರು. ಅಕ್ಕ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಣೆ ಸವರಿದಳು. ಸೊಸೆಯರು ಕಾಲು ಹಿಡಿದು ಕೂತರು. ಅವಳನ್ನು ಮುಟ್ಟಬಲ್ಲವರೆಲ್ಲ ಮುಟ್ಟಿ ಅತ್ತರು. ಅವಳ ಗಂಡ ಒಬ್ಬನೇ ನಿಂತಿದ್ದ. ಯಾರೋ ಅಭ್ಯಾಸಬಲದಿಂದ ಅವನ ಹಿಂದಕ್ಕೆ ಕುರ್ಚಿ ತಂದು ಹಾಕಿದರು. ಅವನು ಅದರ ಮೇಲೆ ಕೂತು, ಮುಂದಕ್ಕೆ ಕೈ ಚಾಚಿ, ಅವಳನ್ನು ಮುಟ್ಟಲು ನೋಡುತ್ತಲೇ ಇದ್ದ. ಅವಳನ್ನು ಎತ್ತಿಕೊಂಡು ಹೋಗುವವರೆಗೂ ನೋಡುತ್ತಲೇ ಇದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗವಿರಂಗನ ಕಣ್ಣಲ್ಲಿ ನೀರಿತ್ತು. ಅವನು ಅಂಗವಸ್ತ್ರದಿಂದ ಮುಖ ಒರೆಸಿಕೊಂಡ.

"ಅಯ್ಯೋ ಪಾಪ" ಎಂದ. "ಆದರೆ ಗುರುಗಳೇ, ಅವನಾದರೂ ಏನು ಮಾಡಲು ಸಾಧ್ಯವಿತ್ತು? ಅಷ್ಟು ವಯಸ್ಸಾಗಿತ್ತು. ಅಷ್ಟು ವರ್ಷ ಬಿಗಿದುಕೊಂಡ ಮಂಡಿ. ಅದು ಇನ್ನು ಬಗ್ಗುವ ಹಾಗೇ ಇರಲಿಲ್ಲವಲ್ಲ?"

ಗುರುಗಳು ಅವನ ಮುಖ ನೋಡಿ ಹೇಳಿದರು:

"ಅವಳು ಹೋದ ಮೇಲೆ ಅವನು ವೈದ್ಯ ಹೇಳಿದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಕೆಳಕ್ಕೆ ಇಳಿಯತೊಡಗಿದ. ವರ್ಷ ತುಂಬಿದ ದಿನ ಅವಳಿಗೆ ಎಡೆ ಇಟ್ಟಾಗ, ಅವನು ಯಾರ ಕೈಯನ್ನೂ ಹಿಡಿಯದೆ ಅದರ ಮುಂದೆ ನೆಲಕ್ಕೆ ಕೂತ."